ಕಬಡ್ಡಿ ಪಟುವಿನ ಕತ್ತುನೋವು

ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಾಗಲಿ, ಗುಬ್ಬಿ ಕುಣಿಗಲುಗಳ ಹೊನಲುಬೆಳಕಿನ ಅಂಕಣಗಳಲ್ಲಾಗಲಿ, 30 ಸೆಕೆಂಡುಗಳೊಳಗೆ ದಾಳಿಯನ್ನು ಮುಗಿಸಲು ಮಧ್ಯರೇಖೆಯ ಕಡೆಗೆ ಕೈಚಾಚಿ ನುಗ್ಗುವ ತರುಣನ ಕಾಲನ್ನೊಬ್ಬನು, ಸೊಂಟವನ್ನೊಬ್ಬನು ಹಿಡಿದೆಳೆದಾಗ, ಮುಂಡವು ತಟಕ್ಕನೆ ನಿಂತರೂ ಶಿರವು ಮಾತ್ರ ತನ್ನ ವೇಗದಲ್ಲಿಯೇ ಮುಂದಕ್ಕೆ ತೂಗಿ ಹಿಂದಕ್ಕೆ ಜಗ್ಗುವುದರಿಂದ, 7 ಮೂಳೆಗಳ ಆ ಕೃಶವಾದ ಕತ್ತಿನಿಂದ ಹೆಗಲೆಲುಬಿನವರೆಗೆ ಹಬ್ಬಿದ ಸ್ನಾಯುಗಳು ಬಿಗಿದು ನೋಯುತ್ತವೆ.

ಇಂತಹ ನೋವಿಗೆ ಮೊದಲ 2 ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ 15-20 ನಿಮಿಷ ಇಟ್ಟು, ಬಳಿಕ ಶಾಖ ಕೊಟ್ಟು, ಹಾಸಿಗೆ ಹಿಡಿಯದೆ ಕತ್ತನ್ನು ಎಡಬಲಕ್ಕೆ ಮೆಲ್ಲನೆ ತಿರುಗಿಸುತ್ತಿದ್ದರೆ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಉಪಶಮನವಾಗುತ್ತದೆ. ನೋವಿಳಿದ ಮೇಲೆ ಅಂಗೈಯನ್ನು ಹಣೆಗೊತ್ತಿ, ತಲೆಯನ್ನು ಅಲುಗಿಸದೆ ಅದಕ್ಕೆ ಎದುರೊತ್ತುವ ಅಭ್ಯಾಸವು ಕತ್ತಿಗೆ ಬಲವನ್ನೀಯುತ್ತದೆ. ಲಟಿಕೆ ತೆಗೆಯುತ್ತೇನೆಂದು ಬರುವ ಯಾರ ಕೈಗೂ ಕತ್ತನ್ನು ಕೊಡತಕ್ಕುದಲ್ಲ. ಇದನ್ನು ನಾನು ಒತ್ತಿಯೇ ಹೇಳುತ್ತೇನೆ.

ಆದರೆ ಬಿದ್ದೊಡನೆ ಕೈಕಾಲು ಜೋಮು ಹಿಡಿದರೆ, ಬಲಗುಂದಿದರೆ, ಕತ್ತಿನ ನಡುಮೂಳೆಯೇ ನೊಂದರೆ, ಮಿತ್ರರೇ, ಅವನನ್ನು ಎತ್ತಿ ಕೂರಿಸಬೇಡಿ, ಬೈಕಿನಲ್ಲಿ ಒಯ್ಯಬೇಡಿ. ತಲೆ ಅಲುಗದಂತೆ ಹಿಡಿದುಕೊಂಡು 108ಕ್ಕೆ ಕರೆಮಾಡಿ.