ನಡನೋವು ಬಿಡವಲ್ದೇನು? ಕೆಲಸ ಬಿಡಬ್ಯಾಡ್ರಿ, ಮಾಡೋ ರೀತಿ ಬದಲಿಸ್ರಿ

ಕಬ್ಬಿನ ಹಂಗಾಮು ಶುರುವಾದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಮೆಡಿಕಲ್ ಅಂಗಡಿಗಳಲ್ಲಿ ಒಂದೇ ಮಾತು: "ಅಣ್ಣಾ, ನಡಾ ಹಿಡದೈತಿ, ಒಂದ್ ಗುಳಿಗಿ ಕೊಡ್ರಿ." ನಿಪ್ಪಾಣಿ ಕಡೆ ಬಗ್ಗಿ ತಂಬಾಕಿನ ಕುಡಿ ಮುರಿಯುವವರದ್ದು, ದಿನವಿಡೀ ಕತ್ತು ಬಗ್ಗಿಸಿ ಬೀಡಿ ಕಟ್ಟುವ ಅಕ್ಕಂದಿರದ್ದೂ ಇದೇ ಗೋಳು.

ಗುಳಿಗೆ ನುಂಗಿದ ದಿನ ನೋವು ತಗ್ಗುತ್ತದೆ, ಮರುದಿನ ಮತ್ತೆ ಹಾಜರ್. ಡಾಕ್ಟರನ್ನು ಕೇಳದೆ ಡೈಕ್ಲೋಫೆನಾಕ್‌ನಂಥ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು. ಬಿಸಿಲಲ್ಲಿ ಬೆವರು ಸುರಿಸಿ ನೀರು ಕಡಿಮೆ ಕುಡಿಯುವವರಿಗೆ ಈ ಅಪಾಯ ಇನ್ನೂ ಜಾಸ್ತಿ.

ಮೂರು ತಿಂಗಳು ದಾಟಿದರೂ ಹೋಗದ ನೋವನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ಇಂಥ ನಡನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಅದು ವ್ಯಾಯಾಮಕ್ಕೆ, ನೋವಿನ ಬಗ್ಗೆ ಸರಿಯಾದ ತಿಳಿವಳಿಕೆಗೆ ಒತ್ತು ಕೊಡುತ್ತದೆ. ನಾವು ನಂಬಿಕೊಂಡಿರುವ ಸೊಂಟದ ಬೆಲ್ಟನ್ನು ಎಲ್ಲರಿಗೂ ಕೊಡುವುದು ಬೇಡ ಅನ್ನುತ್ತದೆ.

ಇಲ್ಲಿ ನೆರವಿಗೆ ಬರುವುದು ಆಕ್ಯುಪೇಷನಲ್ ಥೆರಪಿ. ನೋವು ಎಲ್ಲಿದೆ ಎಂಬುದರ ಜೊತೆಗೆ ದಿನವಿಡೀ ಏನು ಕೆಲಸ, ಹೆಂಗೆ, ಎಷ್ಟು ಹೊತ್ತು ಮಾಡುತ್ತೀರಿ ಎಂದು ನೋಡುವ ಚಿಕಿತ್ಸೆ ಇದು. ನೋವು ಪೂರ್ತಿ ಹೋಗದಿದ್ದರೂ ನಮ್ಮ ಕೆಲಸ ನಾವೇ ಮಾಡಿಕೊಳ್ಳುವಂತಿರಬೇಕು ಎಂಬುದು ಇದರ ಗುರಿ. ತಜ್ಞರು ಹತ್ತಿರದಲ್ಲಿ ಇಲ್ಲದಿದ್ದರೂ ಇದರ ಮೂಲ ಸೂತ್ರಗಳನ್ನು ಇವತ್ತೇ ಹೊಲದಲ್ಲಿ ಶುರು ಮಾಡಬಹುದು.

1. ನೋವು ನೋಡಿ ಅಲ್ಲ, ಗಡಿಯಾರ ನೋಡಿ ನಿಲ್ಲಿ

ನೋವು ಕಡಿಮೆ ಇದ್ದ ದಿನ "ಇವತ್ತ ಮುಗಿಸಿಬಿಡೂಣು" ಅಂತ ಸಂಜೆವರೆಗೂ ದುಡಿಯುತ್ತೇವೆ. ಮುಂದಿನ ಎರಡು ದಿನ ಹಾಸಿಗೆ. ಎದ್ದ ಮೇಲೆ ಬಾಕಿ ಕೆಲಸದ ಅವಸರ, ಮತ್ತೆ ಅದೇ ಕಥೆ. ವಾರದ ಲೆಕ್ಕ ಹಾಕಿದರೆ ಕೆಲಸ ಕಡಿಮೆ, ನೋವು ಜಾಸ್ತಿ.

ಬಗ್ಗಿ ಕಳೆ ತೆಗೆಯುವಾಗ 40 ನಿಮಿಷಕ್ಕೆ ನೋವು ಏರುತ್ತದೆಯೇ? ಹಾಗಿದ್ದರೆ 30 ನಿಮಿಷಕ್ಕೇ ಮೊಬೈಲ್‌ನಲ್ಲಿ ಅಲಾರಾಂ ಇಡಿ. ಅದು ಹೊಡೆದಾಗ ನೋವಿಲ್ಲದಿದ್ದರೂ ಎದ್ದು ನಿಂತು, ನಾಲ್ಕು ಹೆಜ್ಜೆ ಅಡ್ಡಾಡಿ, ನೀರು ಕುಡಿದು, ನಿಂತು ಮಾಡುವ ಬೇರೆ ಕೆಲಸ ಹಿಡಿಯಿರಿ. ವಾರ ಸಲೀಸಾಗಿ ಹೋದರೆ ಎರಡು ಮೂರು ನಿಮಿಷ ಹೆಚ್ಚಿಸಿ.

"ಟನ್ ಲೆಕ್ಕದ ಕೂಲಿ, ನಡುವೆ ನಿಲ್ಲೂದು ಹೆಂಗ್ರಿ?" ಅಂತ ಕೇಳಬಹುದು. ಗ್ಯಾಂಗ್ ನಿಲ್ಲಬೇಕಿಲ್ಲ, ಕೆಲಸ ಅದಲು ಬದಲು ಆಗಬೇಕು. ಕಡಿಯುವುದು, ರವದಿ ಸುಲಿಯುವುದು, ಹೊರೆ ಕಟ್ಟುವುದು, ಹೊರುವುದು, ಇವನ್ನು ಸರದಿ ಮೇಲೆ ಮಾಡಿ. ಒಬ್ಬನೇ ಬೆಳಗಿನಿಂದ ಸಂಜೆವರೆಗೆ ಬಗ್ಗಿಯೇ ಇರುವುದು ತಪ್ಪುತ್ತದೆ.

2. ಭಾರ ಒಡೆಯಿರಿ

ಯೂರಿಯಾ ಚೀಲ 2018ರಲ್ಲಿ 50ರಿಂದ 45 ಕಿಲೋಗೆ ಇಳಿದರೂ ಒಬ್ಬನ ಬೆನ್ನಿಗೆ ಅದು ಭಾರವೇ. ಇಬ್ಬರು ಹಿಡಿಯಿರಿ, ಇಲ್ಲವೇ ಬದುವಿನಲ್ಲೇ ಚೀಲ ಬಿಚ್ಚಿ ಅರ್ಧರ್ಧ ಬಕೆಟ್ ಒಯ್ಯಿರಿ. 16 ಲೀಟರ್ ಪಂಪ್ ತುಂಬಿದರೆ ನೀರೇ 16 ಕಿಲೋ, ಪಂಪಿನ ತೂಕ ಬೇರೆ. 10 ಲೀಟರ್ ತುಂಬಿ, ಔಷಧದ ಅಳತೆಯನ್ನೂ ಅದೇ ಲೆಕ್ಕದಲ್ಲಿ ಇಳಿಸಿ. ಪಂಪನ್ನು ನೆಲದಿಂದ ಎತ್ತಬೇಡಿ. ಕಟ್ಟೆ ಅಥವಾ ಟ್ರ್ಯಾಲಿ ಅಂಚಿನ ಮೇಲಿಟ್ಟು ಬೆನ್ನಿಗೆ ಹಾಕಿಕೊಳ್ಳಿ.

3. ಸಲಕರಣೆ ಮೈಗೆ ಹೊಂದಲಿ

ಸಾಲಿನ ನಡುವಿನ ಕಳೆಗೆ ಕುರ್ಪಿ ಬದಲು ಸೈಕಲ್ ಕುಂಟೆ ಬಳಸಿದರೆ ಬಗ್ಗುವುದು ಕಡಿಮೆ. ಸಲಿಕೆ ಹಿಡಿ ಗಿಡ್ಡವಿದ್ದರೆ ಉದ್ದದ್ದು ಹಾಕಿಸಿ. ಮೊಂಡ ಕೊಯ್ತಾ ಕೈ, ಭುಜದ ಬಲ ಹೆಚ್ಚು ತಿನ್ನುತ್ತದೆ, ದಿನಾ ಮಸೆಯಿರಿ. ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿದರೆ ಬಿಗಿಯಾಗಿ ಹಿಡಿಯುವ ಶ್ರಮ ತಗ್ಗುತ್ತದೆ.

ಯಾವಾಗ ತಡ ಮಾಡಬಾರದು?

ಕಾಲಿಗೆ ಬಲ ಕಡಿಮೆಯಾದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ ಬಂದರೂ, ತೂಕ ಇಳಿಯುತ್ತಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ಉಳಿದಂತೆ ಸಲಹೆ ಬೇಕಿದ್ದರೆ ಸರ್ಕಾರದ ಇ-ಸಂಜೀವನಿಯಲ್ಲಿ ಮೊಬೈಲ್ ಮೂಲಕವೇ ಉಚಿತವಾಗಿ ಡಾಕ್ಟರ್ ಜೊತೆ ಮಾತಾಡಬಹುದು.

ಈ ವಾರ ಇಷ್ಟು ಮಾಡಿ

ನಿಮಗೆ ಹೆಚ್ಚು ನೋವು ಕೊಡುವ ಒಂದೇ ಕೆಲಸ ಆರಿಸಿ. ಅದನ್ನು ಮಾಡುವಾಗ ಪಕ್ಕದಿಂದ ಎರಡು ನಿಮಿಷ ವಿಡಿಯೊ ಮಾಡಲು ಗೆಳೆಯನಿಗೆ ಹೇಳಿ. ಎಲ್ಲಿ ಬಗ್ಗುತ್ತೀರಿ, ಎಲ್ಲಿ ತಿರುಚುತ್ತೀರಿ ಅಂತ ನೀವೇ ನೋಡಿ ಒಂದು ಬದಲಾವಣೆ ಮಾಡಿ. ರಾತ್ರಿ ಮಲಗುವ ಮುಂಚೆ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಟ್ಟು, ಅವತ್ತು ಎಷ್ಟು ಹೊತ್ತು ದುಡಿದಿರಿ ಎಂಬುದನ್ನೂ ಮೊಬೈಲ್‌ನಲ್ಲಿ ಬರೆದಿಡಿ. ಎರಡು ವಾರದಲ್ಲಿ ಯಾವ ಕೆಲಸ ನಿಮ್ಮ ನಡಾ ಹಿಡಿಯುತ್ತಿದೆ ಎಂಬುದು ಅದರಲ್ಲೇ ಕಾಣುತ್ತದೆ. ಡಾಕ್ಟರ್ ಹತ್ತಿರ ಹೋದಾಗ ಅದನ್ನೇ ತೋರಿಸಿ.