ಅಮೆರಿಕದ ಮಿಠಾಯಿಯೂ ಆಂಗ್ಲರ ನಾಲಗೆಯೂ

ಲಂಡನ್ ನಗರದ ಆಕ್ಸ್‌ಫರ್ಡ್ ಬೀದಿಯು ಬಟ್ಟೆಬರೆಗಳ ದೊಡ್ಡ ಮಳಿಗೆಗಳಿಗೆ ಹೆಸರಾದುದು. 2020ರಿಂದೀಚೆಗೆ ಅಲ್ಲಿ ಬರಿದಾದ ಮಳಿಗೆಗಳೊಳಕ್ಕೆ ಒಂದು ಹೊಸ ಬಗೆಯ ಅಂಗಡಿಗಳು ಒಂದರ ಹಿಂದೊಂದಾಗಿ ಬಂದು ಸೇರಿದವು. ಕಣ್ಣು ಕೋರೈಸುವ ದೀಪ, ನೆಲದಿಂದ ಸೂರಿನವರೆಗೆ ಬಣ್ಣಬಣ್ಣದ ಪೊಟ್ಟಣ, ಬಾಗಿಲ ಮೇಲೆ ಅಮೆರಿಕದ ಮಿಠಾಯಿ ಎಂಬ ಬರಹ. ಊರವರೂ ಪ್ರವಾಸಿಗಳೂ ಮಕ್ಕಳ ಕೈಹಿಡಿದು ಒಳಹೊಕ್ಕು, ತಮ್ಮ ದೇಶದ ಮಿಠಾಯಿಗಿಂತ ಹೆಚ್ಚಿನ ಬೆಲೆ ತೆತ್ತು ಕೊಂಡುಹೋದರು.

ಇದರಲ್ಲಿ ಆಶ್ಚರ್ಯಪಡತಕ್ಕ ಸಂಗತಿಯೊಂದುಂಟು. ಬ್ರಿಟನ್ನು ಮಿಠಾಯಿಗೆ ಬಡತನವುಳ್ಳ ದೇಶವಲ್ಲ. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜಾನ್ ಕ್ಯಾಡ್ಬರಿ ಎಂಬಾತನು 1824ರಲ್ಲಿ ಚಹ, ಕಾಫಿ, ಕೋಕೋಗಳ ಅಂಗಡಿಯನ್ನು ತೆರೆದನು. ಬ್ರಿಸ್ಟಲ್ಲಿನ ಫ್ರೈ ಮನೆತನದವರು 1847ರಲ್ಲಿ ಅಚ್ಚಿಗೆ ಹೊಯ್ದು ತಿನ್ನುವ ಚಾಕೊಲೇಟನ್ನು ಮಾರಿದರು. ಯಾರ್ಕ್ ನಗರದಲ್ಲಿ ರೌನ್‌ಟ್ರೀ ಮನೆತನದವರಿದ್ದರು. ಈ ಮೂರು ಮನೆತನಗಳೂ ಕ್ವೇಕರ್ ಪಂಥಕ್ಕೆ ಸೇರಿದವು; ಹೆಂಡಕ್ಕೆ ಬದಲು ಜನರು ಕೋಕೋ ಕುಡಿಯಲಿ ಎಂಬ ಸದಾಶಯವೂ ಅವರ ವ್ಯಾಪಾರದೊಡನೆ ಬೆರೆತಿದ್ದಿತು. ಇಂಥ ಪರಂಪರೆಯವರು ಅಟ್ಲಾಂಟಿಕ್ ಸಾಗರದಾಚೆಯ ಪೊಟ್ಟಣಕ್ಕೆ ಆಸೆಪಡುವುದು, ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಲ್ಲವೆ ಎಂದು ವಾಚಕರು ಕೇಳಬಹುದು. ಉತ್ತರವು ನಾಲಗೆಯಲ್ಲಿ ಸ್ವಲ್ಪವೂ ನೆನಪಿನಲ್ಲಿ ಬಹಳವೂ ಅಡಗಿದೆ ಎಂಬುದು ನಮ್ಮ ಅಭಿಪ್ರಾಯ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಜುಲೈ 26ರಂದು, ಬ್ರಿಟನ್ನಿನಲ್ಲಿ ಮಿಠಾಯಿಗೂ ಪಡಿತರ ಬಂದಿತು. ಬಹುಕಾಲ ಒಬ್ಬೊಬ್ಬರಿಗೆ ನಾಲ್ಕು ವಾರಗಳಿಗೆ 12 ಔನ್ಸು, ಎಂದರೆ ಸುಮಾರು 340 ಗ್ರಾಂ, ದೊರೆಯುತ್ತಿದ್ದಿತು. ವಾರಕ್ಕೆ ಒಂದು ಹಿಡಿಯೂ ಆಗದ ಈ ಪಾಲನ್ನು ಮಕ್ಕಳು ದಿನಕ್ಕಿಷ್ಟೆಂದು ಎಣಿಸಿ ತಿನ್ನಬೇಕಾಗಿದ್ದಿತು. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಸೈನಿಕರ ಮೊದಲ ತಂಡ ಉತ್ತರ ಐರ್ಲೆಂಡಿನಲ್ಲಿ ಇಳಿದಿದ್ದಿತು. 1944ರ ಬೇಸಗೆಯ ಹೊತ್ತಿಗೆ ಬ್ರಿಟನ್ನಿನಲ್ಲಿದ್ದ ಅಮೆರಿಕದ ಸೈನಿಕರು ಸುಮಾರು ಹದಿನೈದು ಲಕ್ಷ. ಇವರಿಗೆ ತಮ್ಮ ಸೈನ್ಯದ ಉಗ್ರಾಣದಿಂದ ಚಾಕೊಲೇಟೂ ಅಗಿಯುವ ಗಮ್ಮೂ ಸಿಕ್ಕುತ್ತಿದ್ದವು. ಹಳ್ಳಿಯ ಹಾದಿಯಲ್ಲಿ ಸೇನೆಯ ಲಾರಿ ಕಂಡರೆ ಸಾಕು, ಹುಡುಗರು ಗಮ್ ಬೇಡುತ್ತ ಹಿಂದೆ ಓಡುತ್ತಿದ್ದರು. ಕ್ರಿಸ್‌ಮಸ್ ಹಬ್ಬ ಬಂದಾಗ ಎಷ್ಟೋ ಪಾಳೆಯಗಳಲ್ಲಿ ಸೈನಿಕರು ತಮ್ಮ ಪಾಲಿನ ಮಿಠಾಯಿಯನ್ನು ಕೂಡಿಟ್ಟು, ನೆರೆಯ ಊರಿನ ಮಕ್ಕಳನ್ನು ಕರೆದು ಉಪಚರಿಸಿದರು.

ಯುದ್ಧವು ಮುಗಿದರೂ ಪಡಿತರ ಮುಗಿಯಲಿಲ್ಲ. 1949ರ ಏಪ್ರಿಲ್ 24ರಂದು ಸರ್ಕಾರವು ಮಿಠಾಯಿಯ ನಿರ್ಬಂಧವನ್ನು ತೆಗೆದುಹಾಕಿತು. ಜನರು ಅಂಗಡಿಗಳಿಗೆ ಮುಗಿಬಿದ್ದರು. ಬೇಡಿಕೆಗೆ ತಕ್ಕಷ್ಟು ಸರಕು ಇಲ್ಲವಾಯಿತು. ನಾಲ್ಕು ತಿಂಗಳು ತುಂಬುವುದರೊಳಗಾಗಿ ನಿರ್ಬಂಧವನ್ನು ಮತ್ತೆ ಹೇರಬೇಕಾಯಿತು. ಅದು ಕೊನೆಯದಾಗಿ ತೊಲಗಿದುದು 1953ರ ಫೆಬ್ರವರಿ 5ರಂದು. 1942ರಲ್ಲಿ ತೊಟ್ಟಿಲಲ್ಲಿದ್ದ ಕೂಸು ಆ ವೇಳೆಗೆ ಹತ್ತು ವರ್ಷ ದಾಟಿದ್ದಿತು. ಅಂಥ ಮಕ್ಕಳಿಗೆ ಅಮೆರಿಕವೆಂದರೆ ಕೇಳಿದಷ್ಟೂ ಸಿಹಿ ಸಿಕ್ಕುವ ನಾಡು. ಅವರು ತಂದೆತಾಯಿಗಳೂ ಅಜ್ಜ ಅಜ್ಜಿಯರೂ ಆದಮೇಲೆ ಈ ಕಥೆ ಮನೆಯ ಮಾತಾಗಿ ಉಳಿಯಿತು. ಚಲಚ್ಚಿತ್ರವೂ ಅದಕ್ಕೆ ನೀರೆರೆಯಿತು. 1982ರ ‘ಇ.ಟಿ.’ ಚಿತ್ರದಲ್ಲಿ ಹುಡುಗನೊಬ್ಬನು ಅನ್ಯಲೋಕದ ಜೀವಿಯನ್ನು ರೀಸೆಸ್ ಪೀಸಸ್ ಎಂಬ ಮಿಠಾಯಿಯ ಆಸೆ ತೋರಿಸಿ ಮನೆಗೆ ಕರೆತರುವನು. ಹೀಗೆ ಅಮೆರಿಕದ ತಿನಿಸನ್ನು ಕಣ್ಣು ಮೊದಲು ಕಂಡಿತು. ನಾಲಗೆಯ ಸರದಿ ಬಂದುದು ಅನಂತರ.

ಆ ನಾಲಗೆಗಾದರೋ ಮೊದಲ ತುತ್ತು ಎಲ್ಲ ಕಾಲದಲ್ಲಿಯೂ ಹಿತವಾಗುವುದಿಲ್ಲ. ಪೆನ್ಸಿಲ್ವೇನಿಯಾದ ಮಿಲ್ಟನ್ ಹರ್ಷಿ ಎಂಬಾತನು ತನ್ನ ಕ್ಯಾರಮೆಲ್ ಉದ್ಯಮವನ್ನು 1900ರಲ್ಲಿ ಹತ್ತು ಲಕ್ಷ ಡಾಲರಿಗೆ ಮಾರಿ, ಹಾಲು ಚಾಕೊಲೇಟಿಗೆ ಕೈಹಾಕಿ, ಶ್ರೀಮಂತರ ತಿನಿಸನ್ನು ಸಾಮಾನ್ಯರ ಕೈಗೆ ಎಟುಕಿಸಿದನು. ಅವನ ಚಾಕೊಲೇಟಿನಲ್ಲಿ ಆಂಗ್ಲರಿಗೆ ಒಂದು ಹುಳಿಯ ಛಾಯೆ ತೋರುವುದು. ಹಾಲಿನ ಕೊಬ್ಬು ಸ್ವಲ್ಪ ಒಡೆದಾಗ ಹುಟ್ಟುವ ಬ್ಯೂಟಿರಿಕ್ ಆಮ್ಲವೇ ಇದಕ್ಕೆ ಕಾರಣವೆಂದು ಬಲ್ಲವರ ಊಹೆ. ಹಳಸಿದ ಬೆಣ್ಣೆಯಲ್ಲಿಯೂ ಹಳೆಯ ಚೀಸಿನಲ್ಲಿಯೂ ಇರುವುದು ಅದೇ. ಅಮೆರಿಕದವರು ಹುಟ್ಟಿನಿಂದ ತಿಂದ ರುಚಿಯಾದುದರಿಂದ ಅವರಿಗೆ ಅದು ಲೋಪವೆಂದು ತೋರದು. ಕಾಯಿದೆಗಳೂ ಬೇರೆ: ಹಾಲು ಚಾಕೊಲೇಟಿನಲ್ಲಿ ಕೋಕೋ ಅಂಶವು ಅಮೆರಿಕದಲ್ಲಿ ನೂರಕ್ಕೆ 10 ಇದ್ದರೆ ಸಾಕು, ಬ್ರಿಟನ್ನಿನಲ್ಲಿ ಹಾಲು ಹೆಚ್ಚಾಗಿರುವ ಬಗೆಗೂ 20 ಬೇಕು. ಅಳೆಯುವ ಕ್ರಮ ಎರಡೆಡೆಯಲ್ಲಿ ಒಂದೇ ತೆರನಲ್ಲವಾದರೂ ವ್ಯತ್ಯಾಸವುಂಟೆಂಬುದು ದಿಟ.

ಹಾಗಾದರೆ ಆಂಗ್ಲರು ಮೆಚ್ಚುವುದೇನನ್ನು? ತಮ್ಮಲ್ಲಿ ಇಲ್ಲದುದನ್ನು. ಹರ್ಷಿಯ ಹೈನು ವಿಭಾಗದಲ್ಲಿ ಕೆಲಸ ಮಾಡಿದ್ದ ರೀಸ್ ಎಂಬಾತನು 1928ರಲ್ಲಿ ಕಡಲೆಕಾಯಿಯ ಬೆಣ್ಣೆಯನ್ನು ಚಾಕೊಲೇಟಿನ ಪುಟ್ಟ ಬಟ್ಟಲಲ್ಲಿ ತುಂಬಿ ಮಾರಿದನು. ಉಪ್ಪೂ ಸಿಹಿಯೂ ಕೂಡಿದ ಈ ರುಚಿ ಬ್ರಿಟನ್ನಿನ ಮಿಠಾಯಿಗಳಲ್ಲಿ ಅಪೂರ್ವವಾಗಿದ್ದಿತು. ದ್ರಾಕ್ಷಿಯ ಕಥೆಯೂ ಹೀಗೆಯೇ. ನೇರಳೆ ಬಣ್ಣದ ಮಿಠಾಯಿ ಅಮೆರಿಕದಲ್ಲಿ ದ್ರಾಕ್ಷಿಯ ರುಚಿಯದು, ಬ್ರಿಟನ್ನಿನಲ್ಲಿ ಬ್ಲ್ಯಾಕ್‌ಕರೆಂಟ್ ಹಣ್ಣಿನದು. ಪೈನ್ ಮರಗಳಿಗೆ ತಗಲುವ ಬೂಷ್ಟುರೋಗಕ್ಕೆ ಬ್ಲ್ಯಾಕ್‌ಕರೆಂಟ್ ಗಿಡವು ಆಶ್ರಯವಾಗುವುದೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕವು ಅದರ ಬೆಳೆಯನ್ನು ನಿಷೇಧಿಸಿತು; ಆ ಹಣ್ಣಿನ ರುಚಿಯೇ ಅಲ್ಲಿಯ ಜನಕ್ಕೆ ಅಪರಿಚಿತವಾಯಿತು. ಬ್ರಿಟನ್ನಿನಲ್ಲಾದರೋ, ಯುದ್ಧಕಾಲದಲ್ಲಿ ಕಿತ್ತಿಳೆ ದುರ್ಲಭವಾದಾಗ ಎಳೆಯ ಮಕ್ಕಳಿಗೆ ಬ್ಲ್ಯಾಕ್‌ಕರೆಂಟ್ ಪಾನಕವನ್ನೇ ಹಂಚಿದರು. ಒಂದು ಕಡೆ ಮರದ ರೋಗ, ಇನ್ನೊಂದು ಕಡೆ ಯುದ್ಧ. ಮಕ್ಕಳ ನಾಲಗೆಯ ಇಷ್ಟಾನಿಷ್ಟಗಳನ್ನು ಎಂತೆಂಥ ಕಾರಣಗಳು ತಿದ್ದುವುವೆಂಬುದನ್ನು ನೋಡಿರಿ.

ಇನ್ನೊಂದು ವಿನೋದವುಂಟು. ಅಮೆರಿಕದ್ದೆಂದು ಕೊಳ್ಳುವ ಸರಕಿನಲ್ಲಿ ಕೆಲವು ಹುಟ್ಟಿದುದು ಬ್ರಿಟನ್ನಿನಲ್ಲಿಯೇ. ಸ್ಕಿಟಲ್ಸ್ ಎಂಬ ಬಣ್ಣದ ಗುಳಿಗೆಗಳು 1974ರಲ್ಲಿ ಮೊದಲು ಅಲ್ಲಿ ತಯಾರಾಗಿ ಐದು ವರ್ಷಗಳ ಮೇಲೆ ಅಮೆರಿಕಕ್ಕೆ ಹೋದವು. ಅಮೆರಿಕದ ಫಾರೆಸ್ಟ್ ಮಾರ್ಸ್ ಎಂಬಾತನು 1932ರಲ್ಲಿ ಇಂಗ್ಲೆಂಡಿನ ಸ್ಲೌ ಊರಿಗೆ ಬಂದು, ತನ್ನ ತಂದೆಯ ಮಿಲ್ಕಿ ವೇ ಮಿಠಾಯಿಯನ್ನು ಆಂಗ್ಲರ ರುಚಿಗೆ ಹೊಂದಿಸಿ ಮಾರ್ಸ್ ಎಂದು ಹೆಸರಿಟ್ಟನು. ಆಂಗ್ಲರು ಮಿಲ್ಕಿ ವೇ ಎಂದು ಕರೆಯುವುದು ಬೇರೊಂದನ್ನು. ಕಿಟ್ ಕ್ಯಾಟ್ ಎಂಬುದು ಯಾರ್ಕಿನಲ್ಲಿ 1935ರಲ್ಲಿ ಹುಟ್ಟಿದ ತಿನಿಸು. ಅಮೆರಿಕದಲ್ಲಿ ಅದನ್ನು ತಯಾರಿಸುವವರು ಹರ್ಷಿ ಸಂಸ್ಥೆಯವರು. ಆ ಸಂಸ್ಥೆಯು ಅಮೆರಿಕದಲ್ಲಿ ಕ್ಯಾಡ್ಬರಿ ಹೆಸರಿನ ಹಕ್ಕನ್ನೂ ಪಡೆದಿದ್ದುದರಿಂದ, 2015ರ ಒಂದು ಒಪ್ಪಂದದ ಮೂಲಕ ಬ್ರಿಟನ್ನಿನಲ್ಲಿ ತಯಾರಾದ ಕ್ಯಾಡ್ಬರಿಯನ್ನು ಒಬ್ಬ ದೊಡ್ಡ ಆಮದುದಾರನು ತರಿಸದಂತಾಯಿತು. ಆಗ ಅಮೆರಿಕದಲ್ಲಿ ನೆಲಸಿದ್ದ ಆಂಗ್ಲರು ಬಾಯಿಬಿಟ್ಟು ದುಃಖಿಸಿದರು. ಲಂಡನ್ನಿನಲ್ಲಿ ಅಮೆರಿಕದ ಮಿಠಾಯಿಗೆ ಹಂಬಲ, ನ್ಯೂಯಾರ್ಕಿನಲ್ಲಿ ಆಂಗ್ಲರ ಮಿಠಾಯಿಗೆ ಹಂಬಲ! ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಎರಡು ದಡಗಳಲ್ಲಿಯೂ ಸಲ್ಲುವುದು.

ಹಂಬಲವಿದ್ದ ಕಡೆ ಮೋಸವೂ ನುಸುಳುವುದು ಲೋಕರೂಢಿ. 2022ರಲ್ಲಿ ವೆಸ್ಟ್‌ಮಿನ್‌ಸ್ಟರ್ ನಗರಸಭೆಯು ಆಕ್ಸ್‌ಫರ್ಡ್ ಬೀದಿಯ ಸುತ್ತಿನ 30 ಅಂಗಡಿಗಳನ್ನು, ಒಟ್ಟು 79 ಲಕ್ಷ ಪೌಂಡುಗಳ ಕಂದಾಯ ಸಲ್ಲಿಸದ ಅನುಮಾನದಿಂದ, ವಿಚಾರಣೆಗೆ ಗುರಿಪಡಿಸಿತು. ದಾಳಿಗಳಲ್ಲಿ ನಕಲಿ ಸರಕೂ ಸಿಕ್ಕಿತು. ಹೆಸರಾಂತ ವೋಂಕಾ ಚಾಕೊಲೇಟಿನ ನಕಲುಗಳನ್ನು ತಿನ್ನಬೇಡಿರೆಂದು ಅಲ್ಲಿಯ ಆಹಾರ ಇಲಾಖೆ ಅದೇ ವರ್ಷ ಜನರನ್ನು ಎಚ್ಚರಿಸಿತು. ನಿಜವಾದ ಸರಕಿನಲ್ಲಿಯೂ ತೊಡಕಿಲ್ಲದಿಲ್ಲ. 2025ರ ಜೂನ್ ತಿಂಗಳಲ್ಲಿ ಜಾಲಿ ರ‍್ಯಾಂಚರ್ ಹೆಸರಿನ ಕೆಲವು ಮಿಠಾಯಿಗಳಲ್ಲಿ ಬ್ರಿಟನ್ನಿನ ಕಾಯಿದೆಗೆ ಒಪ್ಪದ ಖನಿಜ ತೈಲದ ಅಂಶವಿರುವುದೆಂದು ಆ ಇಲಾಖೆ ಸಾರಿತು. ಕೆಲವು ಬಣ್ಣಗಳನ್ನು ಬೆರೆಸಿದಲ್ಲಿ, ಮಕ್ಕಳ ಚಟುವಟಿಕೆಗೂ ಗಮನಕ್ಕೂ ಕೇಡಾಗಬಹುದೆಂಬ ಎಚ್ಚರಿಕೆಯನ್ನು ಅಲ್ಲಿ ಪೊಟ್ಟಣದ ಮೇಲೆ ಅಚ್ಚುಮಾಡಲೇಬೇಕು; ಅಮೆರಿಕದಲ್ಲಿ ಆ ಕಟ್ಟಳೆಯಿಲ್ಲ. ಎಲ್ಲಕ್ಕೂ ಮಿಗಿಲಾದ ಅಪಾಯ ಕಡಲೆಕಾಯಿಯದು. ಅದು ಒಗ್ಗದ ಮಗುವಿಗೆ ಒಂದು ಚೂರೂ ಪ್ರಾಣಾಂತಕವಾಗಬಹುದು. ಆದುದರಿಂದಲೇ ಅದರ ಹೆಸರನ್ನು ಪದಾರ್ಥಗಳ ಪಟ್ಟಿಯಲ್ಲಿ ಎದ್ದುಕಾಣುವಂತೆ ಮುದ್ರಿಸಬೇಕೆಂದು ಬ್ರಿಟನ್ನಿನ ನಿಯಮ. ನೇರವಾಗಿ ಕಡಲು ದಾಟಿ ಬಂದ ಪೊಟ್ಟಣದಲ್ಲಿ ತಾಯಿಯ ಕಣ್ಣು ಅರಸುವ ಜಾಗದಲ್ಲಿ ಆ ಹೆಸರು ಇರದೆಯೂ ಹೋಗಬಹುದು.

ಕೊನೆಯಲ್ಲಿ ನಮ್ಮ ವಾಚಕರಿಗೆ ಪ್ರಿಯವಾಗಬಹುದಾದ ಮಾತೊಂದನ್ನು ಹೇಳುವೆವು. ಅಮೆರಿಕದವರು ಮಿಠಾಯಿಗೆ ಕ್ಯಾಂಡಿ ಎನ್ನುವರು. ಆ ಪದವು ಫ್ರೆಂಚ್, ಅರಬ್ಬಿ, ಪಾರಸಿ ಭಾಷೆಗಳನ್ನು ಹಾದುಹೋದುದು. ಅದರ ಬೇರು ಸಂಸ್ಕೃತದ ‘ಖಂಡ’, ಎಂದರೆ ಸಕ್ಕರೆಯ ತುಂಡು. ಅಂಗ್ಲರ ಶುಗರ್ ಎಂಬ ಮಾತೂ ನಮ್ಮ ಸಕ್ಕರೆಯೂ ‘ಶರ್ಕರಾ’ ಎಂಬ ಒಂದೇ ತಾಯಿಯ ಮಕ್ಕಳು. ನಮ್ಮ ಕಡೆಯಿಂದ ಹೊರಟ ಹೆಸರು ಭೂಮಂಡಲವನ್ನು ಸುತ್ತಿ, ಹೊಳೆಯುವ ಕಾಗದವನ್ನು ಹೊದ್ದು, ಪರದೇಶದ ವಸ್ತುವಾಗಿ ಅಂಗಡಿಯಲ್ಲಿ ಕುಳಿತಿದೆ.

ಮಕ್ಕಳ ಆಸೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಲಾರಿಯ ಹಿಂದೆ ಓಡಿದ ಹುಡುಗನಿಗೆ ದೊರೆತುದು ಗಮ್ಮಿನ ಒಂದು ತುಂಡು. ಆದರೆ ಕೊಟ್ಟ ಕೈಯ ನಗುಮುಖವನ್ನು ಅವನು ಮುಪ್ಪಿನವರೆಗೂ ಮರೆಯಲಿಲ್ಲ. ದೂರದ ರುಚಿಯನ್ನು ಒಮ್ಮೊಮ್ಮೆ ನೋಡುವುದರಲ್ಲಿ ತಪ್ಪೇನೂ ಇಲ್ಲ. ಪೊಟ್ಟಣದ ಬಣ್ಣವನ್ನು ಮಗು ನೋಡಲಿ. ಅದರ ಹಿಂಬದಿಯ ಸಣ್ಣಕ್ಷರವನ್ನು ಹಿರಿಯರು ಓದಲಿ. ಆಮೇಲೆ ಮನೆಮಂದಿ ಎಲ್ಲರೂ ಹಂಚಿಕೊಂಡು ತಿನ್ನಲಿ.