ಒಂದೇ ಗುಳಿಗೆ, ಬೇರೆ ಬೇರೆ ದೇಹ

ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಿಗೂ, ಕೆಲವು ಬಗೆಯ ಕರುಳು ಮತ್ತು ಕೀಲುಗಳ ದೀರ್ಘಕಾಲದ ರೋಗಗಳಿಂದ ನರಳುವವರಿಗೂ ವೈದ್ಯರು ಅಜಥಯೋಪ್ರಿನ್ ಎಂಬ ಗುಳಿಗೆಯನ್ನು ಕೊಡುವುದುಂಟು. ಇದು ದೇಹದ ರೋಗನಿರೋಧಕ ಶಕ್ತಿಯನ್ನು ಉದ್ದೇಶಪೂರ್ವಕವಾಗಿಯೇ ತಗ್ಗಿಸುತ್ತದೆ. ಹಾಗೆ ತಗ್ಗಿಸದಿದ್ದಲ್ಲಿ ದೇಹವು ಕಸಿ ಮಾಡಿದ ಮೂತ್ರಪಿಂಡವನ್ನು ಪರಕೀಯವೆಂದು ಬಗೆದು ನಾಶಪಡಿಸುತ್ತದೆ.

ಆದರೆ ಪತಿಗೆ ಒಗ್ಗಿದ ಪ್ರಮಾಣವು ಪತ್ನಿಗೆ ಅಪಾಯಕರವಾಗಬಹುದು. ಈ ಔಷಧಿಯ ವಿಷಾಂಶವನ್ನು ನಿಯಂತ್ರಿಸುವ ಕಿಣ್ವಗಳು ನಮ್ಮ ವಂಶವಾಹಿಗಳನ್ನು ಅವಲಂಬಿಸಿವೆ. ಪ್ರತಿಯೊಂದು ವಂಶವಾಹಿಯ ಒಂದು ಪ್ರತಿ ತಂದೆಯಿಂದ, ಇನ್ನೊಂದು ತಾಯಿಯಿಂದ ಬರುತ್ತದೆ. ಯೂರೋಪ್ ಮೂಲದ ಜನರಲ್ಲಿ ಸುಮಾರು 300ಕ್ಕೆ ಒಬ್ಬರಲ್ಲಿ ಟಿ.ಪಿ.ಎಂ.ಟಿ. ವಂಶವಾಹಿಯ ಎರಡು ಪ್ರತಿಗಳೂ ದುರ್ಬಲವಾಗಿರುತ್ತವೆ. ನಮ್ಮ ದೇಶದವರಲ್ಲಿ ಎನ್.ಯು.ಡಿ.ಟಿ.15 ಎಂಬುದರ ದೋಷವೇ ಹೆಚ್ಚು ಮುಖ್ಯವಾದುದು. ಇದರ ಪಾತ್ರವು 2014ರಲ್ಲಿ ಕೊರಿಯಾದ ರೋಗಿಗಳ ಅಧ್ಯಯನದಿಂದ ಬೆಳಕಿಗೆ ಬಂದಿತು.

ಎರಡು ಪ್ರತಿಗಳೂ ದುರ್ಬಲವಾಗಿದ್ದವರಲ್ಲಿ ವಾಡಿಕೆಯ ಪ್ರಮಾಣವೇ ವಿಷಪ್ರಾಯವಾಗಿ, ಅಸ್ಥಿಮಜ್ಜೆಯು ಕುಂದಿ, ಬಿಳಿ ರಕ್ತಕಣಗಳು ಅಪಾಯಕರವಾಗಿ ಇಳಿಯುತ್ತವೆ. ಔಷಧಿ ಆರಂಭಿಸಿದ ಕೆಲವೇ ವಾರಗಳಲ್ಲಿ ತಲೆಗೂದಲು ಹಿಡಿಹಿಡಿಯಾಗಿ ಉದುರುವುದೂ ಉಂಟು. ಆಗ ತಲೆಗೆ ಹಚ್ಚುವ ಎಣ್ಣೆಯನ್ನು ಬದಲಾಯಿಸುತ್ತ ಕಾಲ ಕಳೆಯಬಾರದು. ಅದೇ ದಿನ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸತಕ್ಕದ್ದು. ಜ್ವರ, ಬಾಯಿಹುಣ್ಣು ಕಂಡರೂ ಹಾಗೆಯೇ.

ಈ ದೋಷವುಳ್ಳವರು ಔಷಧಿ ಸೇವಿಸುವವರೆಗೆ ಎಲ್ಲರಂತೆಯೇ ಆರೋಗ್ಯವಂತರಾಗಿ ಕಾಣುತ್ತಾರೆ. ಸೋದರಮಾವ, ಅಕ್ಕನ ಮಗಳು ಮುಂತಾದ ರಕ್ತಸಂಬಂಧದಲ್ಲಿ ವಿವಾಹವಾದವರ ಮಕ್ಕಳಿಗೆ ಇಬ್ಬರಿಂದಲೂ ಒಂದೇ ದೋಷ ಬರುವ ಸಂಭವ ಹೆಚ್ಚು. ಆದುದರಿಂದ ಅಂತಹ ಸಂಬಂಧವಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ವಂಶವಾಹಿ ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಅದು ದೊರೆಯದ ಕಡೆ ಅಲ್ಪ ಪ್ರಮಾಣದಿಂದ ಆರಂಭಿಸಿ, ಮೊದಮೊದಲು ವಾರವಾರವೂ ರಕ್ತಕಣಗಳನ್ನು ಎಣಿಸಿ ನೋಡುವುದು ಕ್ರಮ.

ಕ್ಯಾನ್ಸರಿನ ಅಪಾಯವು ಬೇರೆಯೇ. ವಂಶವಾಹಿ ಪರೀಕ್ಷೆ ಸರಿಯಾಗಿ ಬಂದ ಮಾತ್ರಕ್ಕೆ ಅದು ತೊಲಗುವುದಿಲ್ಲ. ದಾರಿ ತಪ್ಪಿದ ಜೀವಕೋಶಗಳನ್ನು ಅಳಿಸಬೇಕಾದ ಕಾವಲು ವರ್ಷಗಟ್ಟಲೆ ಸಡಿಲಗೊಳ್ಳುವುದರಿಂದ ದುಗ್ಧಗ್ರಂಥಿಗಳ ಕ್ಯಾನ್ಸರು ಬರಬಹುದು. ಕುತ್ತಿಗೆ, ಕಂಕುಳಲ್ಲಿ ಗಂಟು ಕಂಡರೆ ತೋರಿಸಿರಿ. ಇದಲ್ಲದೆ ಈ ಔಷಧಿಯು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮಗೊಳಿಸುತ್ತದೆ. ಚರ್ಮದ ಕ್ಯಾನ್ಸರು ನಮ್ಮವರಲ್ಲಿ ಬಿಳಿಯರಿಗಿಂತ ಕಡಿಮೆಯಾದರೂ, ಹೊಲದಲ್ಲಿ ದುಡಿಯುವವರು ತುಂಬುತೋಳಿನ ಅಂಗಿ ತೊಟ್ಟು ತಲೆಗೆ ರುಮಾಲು ಸುತ್ತುವುದು ಲೇಸು.

ಇದನ್ನೋದಿ ಹೆದರಿ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಿದರೆ, ಕಷ್ಟಪಟ್ಟು ಪಡೆದ ಮೂತ್ರಪಿಂಡವೇ ಕೈಬಿಟ್ಟುಹೋದೀತು. ಮಗು ಬೇಕೆನ್ನುವ ದಂಪತಿಗಳು ಕಸಿಯಾದ ಬಳಿಕ ಕನಿಷ್ಠ ಒಂದು ವರ್ಷ ಕಾಯಬೇಕು. ಅಜಥಯೋಪ್ರಿನ್ ಅನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಗರ್ಭಿಣಿಯರಿಗೂ ಮುಂದುವರಿಸುವುದುಂಟು. ಆದರೆ ಇದೇ ಉದ್ದೇಶಕ್ಕೆ ಕೊಡುವ ಮೈಕೋಫಿನೋಲೇಟ್ ಎಂಬ ಇನ್ನೊಂದು ಗುಳಿಗೆಯು ಗರ್ಭಸ್ಥ ಶಿಶುವಿಗೆ ಹಾನಿಕರ. ಪತ್ನಿಯು ಅದನ್ನು ಸೇವಿಸುತ್ತಿದ್ದಲ್ಲಿ, ವೈದ್ಯರು ಔಷಧಿಯನ್ನು ಬದಲಾಯಿಸಿ ಅನುಮತಿ ಕೊಡುವವರೆಗೆ ಗರ್ಭನಿರೋಧಕ ಕ್ರಮವನ್ನು ಬಿಡತಕ್ಕದ್ದಲ್ಲ.